ಕಳೆದುಹೋದ ಅರ್ಧವನ್ನು ಅರಸಿದ ವಿಜ್ಞಾನಿ ಜಿ.ಎನ್. ರಾಮಚಂದ್ರನ್

ಅಣುವಿನೊಳಗಿನ ವಿನ್ಯಾಸವನ್ನು ಕ್ಷ-ಕಿರಣಗಳ ನೆರವಿನಿಂದ ಅರಿಯುವ ವಿದ್ಯೆಗೆ ಭಾರತದಲ್ಲಿ ಭದ್ರ ಬುನಾದಿ ಹಾಕಿದವರಲ್ಲಿ ಜಿ.ಎನ್. ರಾಮಚಂದ್ರನ್ ಅಗ್ರಗಣ್ಯರು. 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದರೂ ಅವರ ವಿಜ್ಞಾನ ಜೀವನ ಚಿಗುರಿದ್ದು ಬೆಂಗಳೂರಿನಲ್ಲಿ.

1942ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು. ಪ್ರತಿಭೆಯನ್ನು ಗುರುತಿಸಿದ ಸರ್ ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. 1947ರಿಂದ ಎರಡು ವರ್ಷ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಸ್ಫಟಿಕಶಾಸ್ತ್ರಜ್ಞರನ್ನು ಆಗ ಕಾಡುತ್ತಿದ್ದುದು ಪ್ರಾವಸ್ಥೆಯ ಸಮಸ್ಯೆ. ಸ್ಫಟಿಕದಿಂದ ಚದುರಿದ ಕ್ಷ-ಕಿರಣಗಳು ಫಿಲ್ಮಿನ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಚುಕ್ಕೆಯ ತೀವ್ರತೆಯಿಂದ ಅಲೆಯ ಎತ್ತರ ತಿಳಿಯುತ್ತದೆ. ಒಂದು ಅಲೆ ಮತ್ತೊಂದಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಇದೆಯೆಂಬ ಮಾಹಿತಿ, ಅಂದರೆ ಪ್ರಾವಸ್ಥೆ, ಮಾತ್ರ ಕಳೆದುಹೋಗುತ್ತದೆ. ಎರಡೂ ಇದ್ದರಷ್ಟೇ ಫೂರಿಯೇ ಗಣಿತದಿಂದ ಪರಮಾಣುಗಳ ಸ್ಥಾನವನ್ನು ನೇರವಾಗಿ ಲೆಕ್ಕ ಹಾಕಬಹುದು. ಅದೇ ಎತ್ತರಗಳಿಗೆ ತಪ್ಪು ಪ್ರಾವಸ್ಥೆ ಜೋಡಿಸಿದರೆ ಮೂಡುವುದು ತಪ್ಪು ಚಿತ್ರವೇ.

1956ರಲ್ಲಿ ರಾಮಚಂದ್ರನ್ ಹಾಗೂ ಅವರ ಶಿಷ್ಯ ಎಸ್. ರಾಮನ್ ಇದಕ್ಕೊಂದು ಹಾದಿ ತೋರಿದರು. ಸಾಮಾನ್ಯವಾಗಿ ಎದುರುಬದುರಾದ ಚುಕ್ಕೆಗಳ ತೀವ್ರತೆ ಸಮನಾಗಿರುತ್ತದೆ. ಕೆಲವು ಭಾರ ಪರಮಾಣುಗಳು ಕ್ಷ-ಕಿರಣಗಳನ್ನು ಅಸಹಜವಾಗಿ ಚದುರಿಸಿ ಈ ಸಮತೆಯನ್ನು ಮುರಿಯುತ್ತವೆ. ಆ ಸಣ್ಣ ವ್ಯತ್ಯಾಸದಲ್ಲೇ ಪ್ರಾವಸ್ಥೆಯ ಸುಳಿವಿದೆ. ಅಸಹಜ ಚದುರುವಿಕೆಯನ್ನು ಆಧರಿಸಿದ ವಿಧಾನಗಳು ಮುಂದೆ ಪ್ರೋಟೀನ್ ರಚನೆ ಬಿಡಿಸುವ ಪ್ರಮುಖ ಸಾಧನಗಳಾದವು. ಆರ್. ಶ್ರೀನಿವಾಸನ್ ಜತೆ ಬರೆದ, 1970ರಲ್ಲಿ ಪ್ರಕಟವಾದ ಗ್ರಂಥದ ವಸ್ತುವೂ ಸ್ಫಟಿಕಶಾಸ್ತ್ರದ ಫೂರಿಯೇ ವಿಧಾನಗಳೇ.

ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ರಾಮಚಂದ್ರನ್ ಕೊಲಾಜನ್ ಪ್ರೋಟೀನಿಗೆ ಮೂರೆಳೆಯ ರಚನೆಯನ್ನು ಸೂಚಿಸಿದ್ದರು. ಅದನ್ನು ಪರಿಷ್ಕರಿಸಿದಾಗ ಕೆಲವು ಪರಮಾಣುಗಳು ಅತಿ ಸಮೀಪ ಬಂದಿವೆಯೆಂಬ ಆಕ್ಷೇಪವನ್ನು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಎತ್ತಿದರು. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು ಎಂಬ ಪ್ರಶ್ನೆಯ ಬೆನ್ನುಹತ್ತಿದ ಫಲವೇ 1963ರ 'ರಾಮಚಂದ್ರನ್ ನಕ್ಷೆ'. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅದರ ಸಹಕರ್ತೃಗಳು. ಪ್ರೋಟೀನ್ ರಚನೆಗಳ ಸಾಚಾತನವನ್ನು ಇಂದಿಗೂ ಪರೀಕ್ಷಿಸುವುದು ಇದೇ ಒರೆಗಲ್ಲಿನಿಂದ.

1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜತೆ, ನೆರಳುಚಿತ್ರಗಳಿಂದ ಒಳಗಿನ ವಸ್ತುವನ್ನು ಮರುರೂಪಿಸುವ ಗಣಿತವನ್ನು ಪ್ರಕಟಿಸಿದರು. ಸಿ.ಟಿ. ಸ್ಕ್ಯಾನ್‌ನಲ್ಲಿ ಬಳಸುವ ಒಂದು ಶೋಧಕಕ್ಕೆ ಇವರಿಬ್ಬರ ಹೆಸರೇ ಉಳಿದಿದೆ. ಅದೇ ಸುಮಾರಿಗೆ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಆಣವಿಕ ಜೀವಭೌತಶಾಸ್ತ್ರ ಘಟಕವನ್ನು ಕಟ್ಟಿದರು.

1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಅಂತಾರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟದ ಎವಾಲ್ಡ್ ಪ್ರಶಸ್ತಿ ಸಂದವು. ನೊಬೆಲ್ ಮಾತ್ರ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಪತ್ನಿಯ ಅಗಲಿಕೆ ಮತ್ತು ಅನಾರೋಗ್ಯ ಅವರನ್ನು ಕುಗ್ಗಿಸಿದವು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ನಿಧನರಾದರು. ಅವರು ಕಟ್ಟಿದ ಘಟಕ ಬೆಂಗಳೂರಿನಲ್ಲಿ ಸಂಶೋಧನೆಯನ್ನು ಮುಂದುವರಿಸಿದೆ.