ಕಾರು ನೋಡಲು ಹೋದ ಸರ್ ಎಂ.ವಿ.



ರಜೆ ಬಂತೆಂದರೆ ಜುರಾಂಗ್ ಈಸ್ಟ್‌ನ ನಮ್ಮ ಅನೇಕ ಕುಟುಂಬಗಳು ಕಾರಿನಲ್ಲಿ ತುವಾಸ್ ಸೇತುವೆ ದಾಟಿ ಮಲೇಷಿಯಾಕ್ಕೆ ಹೊರಡುತ್ತವೆ. ಹೊರಡುವ ಮುನ್ನ ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ಪೆಟ್ರೋಲ್ ಇರಬೇಕು. ಆ ದೇಶದ ಪ್ರವೇಶ ಪರವಾನಗಿ ಬೇಕು. ಇಲ್ಲಿಯ ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ ಹೆಚ್ಚೆಂದರೆ 90 ಕಿ.ಮೀ., ಅಲ್ಲಿ 110. ಸೇತುವೆ ದಾಟಿದೊಡನೆ ನಾವು ಅತಿಥಿಗಳು. ಅತಿಥಿಯಾಗಿ ಹೋದವರು ಪರದೇಶದಲ್ಲಿ ಏನನ್ನು ನೋಡಬೇಕು, ಮನೆಗೆ ಏನನ್ನು ತರಬೇಕು? ಇದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಮುದ್ದೇನಹಳ್ಳಿ ಎಂಬ ಪುಟ್ಟ ಊರಿನಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

1898ರಲ್ಲಿ ಜಪಾನಿಗೆ ಹೋದರು. ಅದು ಅವರ ಮೊದಲ ವಿದೇಶ ಪ್ರವಾಸ. ಚಿಕ್ಕ ದೇಶವೊಂದು ಶಾಲೆ ಮತ್ತು ಕೈಗಾರಿಕೆಗಳಿಂದ ಮೇಲೇಳುತ್ತಿದ್ದುದನ್ನು ಕಣ್ಣಾರೆ ಕಂಡರು. 1908ರಲ್ಲಿ ಯುರೋಪ್ ಪ್ರವಾಸದಲ್ಲಿದ್ದಾಗ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಅಪಾರ ಹಾನಿಯಾಯಿತು. ನಿಜಾಮರ ಕರೆಗೆ ಓಗೊಟ್ಟು ಬಂದು, ಪ್ರವಾಹದಿಂದ ಆ ನಗರವನ್ನು ಕಾಪಾಡುವ ಯೋಜನೆ ರೂಪಿಸಿದರು.

1912ರಲ್ಲಿ ಮೈಸೂರಿನ ದಿವಾನರಾದರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯಗಳು ಆ ಕಾಲದಲ್ಲೇ ಹುಟ್ಟಿದವು. 1918ರಲ್ಲಿ ಅಧಿಕಾರ ಬಿಟ್ಟ ದಿನ ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ಮರಳುವಾಗ ಸ್ವಂತ ಕಾರಿನಲ್ಲಿ ಬಂದರೆಂದು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ.

ಆಗ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳೆಲ್ಲ ವಿದೇಶದವು. ಅವನ್ನು ಕೊಳ್ಳುವ ಹಣವೂ, ತಯಾರಿಸುವ ಕೆಲಸವೂ ಹೊರದೇಶದ ಪಾಲಾಗುತ್ತಿದ್ದವು. ಇದು ಅವರ ಮನಸ್ಸನ್ನು ಕೊರೆಯುತ್ತಿತ್ತು. 1935ರಲ್ಲಿ, 74ರ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕಕ್ಕೆ ಹೊರಟರು. ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿದರು. ಆ ವಯಸ್ಸಿನಲ್ಲಿ ಬೇರೆಯವರಾಗಿದ್ದರೆ ಊರು ನೋಡಿ, ಹೊಸ ಕಾರಿನಲ್ಲಿ ಕುಳಿತು ಸಂತೋಷಪಟ್ಟು ಮರಳುತ್ತಿದ್ದರೇನೋ. ಇವರು ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದಿಗೆ ಮರಳಿದರು.

ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಲೆಂದು ಪ್ರಯತ್ನ ನಡೆಯಿತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ವರ್ಷಗಳ ಶ್ರಮ ಕೈಗೂಡದೆ ಹೋಯಿತು. ಕೊನೆಗೆ 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮುಂಬಯಿಯ ಹಳದಿ-ಕಪ್ಪು ಟ್ಯಾಕ್ಸಿಗಳಾಗಿ ಓಡಿದ ಪದ್ಮಿನಿ ಕಾರುಗಳನ್ನು ಮುಂದೆ ತಯಾರಿಸಿದ್ದು ಇದೇ ಸಂಸ್ಥೆ. ಪೋಷಕರಲ್ಲಿ ಅನೇಕರು ಅವುಗಳಲ್ಲಿ ಕುಳಿತಿರಬಹುದು.

ಸರ್ ಎಂ.ವಿ. ಅಲ್ಲಿಗೂ ಸುಮ್ಮನಾಗಲಿಲ್ಲ. 1946ರಲ್ಲಿ, 85ನೇ ವಯಸ್ಸಿನ ಹೊತ್ತಿಗೆ, ಭಾರತೀಯ ಕೈಗಾರಿಕೋದ್ಯಮಿಗಳ ನಿಯೋಗದ ನಾಯಕರಾಗಿ ಮತ್ತೆ ವಿದೇಶಕ್ಕೆ ಹೋದರು. 1955ರಲ್ಲಿ ಭಾರತರತ್ನ ಪಡೆದರು. ನೂರು ವರ್ಷ ತುಂಬಿದ ಮೇಲೆ 1962ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಮಕ್ಕಳೇ, ಮುಂದಿನ ರಜೆಯಲ್ಲಿ ಸೇತುವೆ ದಾಟುವಾಗ ಕಿಟಕಿಯಿಂದ ಹೊರಗೆ ನೋಡಿ. ಆ ದೇಶದ ರಸ್ತೆ, ಫಲಕ, ತೋಟ, ಕಾರ್ಖಾನೆಗಳಲ್ಲಿ ನಮಗಿಂತ ಬೇರೆಯಾದದ್ದು ಏನಿದೆ, ಅದು ಏಕೆ ಹಾಗಿದೆ ಎಂದು ಅಪ್ಪ ಅಮ್ಮನನ್ನು ಕೇಳಿ. ಮನೆಗೆ ಬಂದು ಒಂದು ಪುಟ ಬರೆದಿಡಿ. ಶಾಲೆ ತೆರೆದ ದಿನ ಆ ಪುಟಕ್ಕಾಗಿ ನಾವು ಕಾಯುತ್ತಿರುತ್ತೇವೆ.