ಬಾಲಪ್ರಪಂಚದ ಕಾರಂತರು

ಕುಂದಾಪುರಕ್ಕೆ ದಕ್ಷಿಣದಲ್ಲಿ, ಕಡಲಿಗೆ ಸಮೀಪವಾಗಿ, ಕೋಟ ಎಂಬ ಗ್ರಾಮವಿದೆ. ಈಗ ಅದು ಬ್ರಹ್ಮಾವರ ತಾಲ್ಲೂಕಿಗೆ ಸೇರಿದೆ. ಶಿವರಾಮ ಕಾರಂತರು ಅಲ್ಲಿ 1902ರ ಅಕ್ಟೋಬರ್ 10ರಂದು ಜನಿಸಿದರು. ಮಂಗಳೂರಿನಲ್ಲಿ ಕಾಲೇಜು ವಿದ್ಯಾಭ್ಯಾಸ ಮಾಡುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ತೊರೆದು ಹೊರಬಂದರು. ಪದವಿಯ ಗೊಡವೆಗೆ ಅವರು ಮತ್ತೆ ಹೋಗಲಿಲ್ಲ. ಊರೂರು ಅಲೆದು ಖಾದಿಯ ಪ್ರಚಾರ ಮಾಡಿದರು. ಕುಂದಾಪುರದಿಂದ ‘ವಸಂತ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು.

ಕಾರಂತರನ್ನು ನಾವು ಕಾದಂಬರಿಕಾರರೆಂದೂ, ಯಕ್ಷಗಾನಕ್ಕೆ ಹೊಸ ಜೀವ ತುಂಬಿದವರೆಂದೂ, 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದವರೆಂದೂ ಬಲ್ಲೆವು. ಅವರು ಮಕ್ಕಳಿಗಾಗಿ ಪಟ್ಟ ಶ್ರಮವನ್ನು ಬಲ್ಲವರು ಕಡಿಮೆ. ಪುತ್ತೂರಿನಲ್ಲಿ ನೆಲಸಿದ ಮೇಲೆ ಅವರು ಅಲ್ಲಿನ ಗುಡ್ಡದ ಮೇಲೆ ‘ಬಾಲವನ’ವನ್ನು ಕಟ್ಟಿದರು. ಆಟ, ಹಾಡು, ಕುಣಿತ, ಚಿತ್ರಗಳ ಮೂಲಕವೇ ಮಗು ಕಲಿಯಬೇಕೆಂಬುದು ಅವರ ಹಂಬಲ. ಅಲ್ಲಿ ತೆರೆದ ಶಾಲೆ ಬಹುಕಾಲ ಬಾಳಲಿಲ್ಲ. ಅದರ ಹಿಂದಿದ್ದ ಹಂಬಲ ಮಾತ್ರ ಪುಸ್ತಕಗಳಲ್ಲಿ ಉಳಿಯಿತು.

ಅದಕ್ಕೆ ಮೊದಲೇ ಪಂಜೆ ಮಂಗೇಶರಾಯರು ಕನ್ನಡದ ಮಕ್ಕಳಿಗೆ ಇಂಪಾದ ಹಾಡುಗಳನ್ನೂ ಕಥೆಗಳನ್ನೂ ಕೊಟ್ಟಿದ್ದರು. ಆದರೆ ಆಕಾಶದಲ್ಲಿ ಏನಿದೆ, ಆನೆ ಹೇಗೆ ಬದುಕುತ್ತದೆ, ಹಕ್ಕಿ ಗೂಡು ಕಟ್ಟುವುದೇಕೆ ಎಂದು ಕೇಳುವ ಹುಡುಗನಿಗೆ ಇಂಗ್ಲಿಷ್ ಬಾರದಿದ್ದರೆ ಉತ್ತರ ದೊರೆಯುವುದು ದುರ್ಲಭವಾಗಿತ್ತು. ಕಾರಂತರು ಆ ಕೊರತೆಯನ್ನು ತಾವೊಬ್ಬರೇ ನೀಗಿಸಲು ಹೊರಟರು. ಸಚಿತ್ರವಾದ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರ ಸುಮಾರಿಗೆ ಸಿದ್ಧವಾದವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಅನೇಕ ವಿದ್ವಾಂಸರನ್ನು ಕಲೆಹಾಕಿ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು ಹೊರತಂದುದು 1969ರಲ್ಲಿ. ಪದವಿಯಿಲ್ಲದ ಒಬ್ಬ ವ್ಯಕ್ತಿ ಅದಕ್ಕೆ ಮೂರು ದಶಕಗಳ ಹಿಂದೆಯೇ ಮಕ್ಕಳಿಗಾಗಿ ಇಂತಹ ಕೆಲಸಕ್ಕೆ ಕೈಹಾಕಿದ್ದನ್ನು ಸಾಹಸವೆಂದರೆ ಸಾಲದು. ಲೋಕದ ಕಣ್ಣಿಗೆ ಅದು ಹುಚ್ಚೇ ಸರಿ! ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂದಿತು.

ಎಳೆಯರಿಗಾಗಿ ಅವರು ‘ಗಜರಾಜ’, ‘ಹುಲಿರಾಯ’, ‘ಮಂಗನ ಮದುವೆ’ ಮುಂತಾದ ಕಥೆಗಳನ್ನು ಬರೆದರು. ಪ್ರಾಣಿಗಳ ಮೇಲಿನ ಅವರ ಮಮತೆ ಮಕ್ಕಳ ಪುಸ್ತಕಗಳಿಗಷ್ಟೇ ಮೀಸಲಾಗಿರಲಿಲ್ಲ. 1933ರ ‘ಚೋಮನ ದುಡಿ’ಯನ್ನು ನೆನೆಯಿರಿ. ಉಳಲು ಅಂಗೈಯಗಲ ನೆಲವೂ ದೊರೆಯದ ಚೋಮನಿಗೆ ಒಂದು ಜೊತೆ ಎತ್ತುಗಳೂ ಬಾಡು ಎಂಬ ನಾಯಿಯೂ ಸಂಗಾತಿಗಳು. ಮನುಷ್ಯರು ದೂರವಿಟ್ಟವನನ್ನು ಪ್ರಾಣಿಗಳು ದೂರವಿಡಲಿಲ್ಲ. ಮೂಕಪ್ರಾಣಿಯ ಸ್ನೇಹವನ್ನು ಇಷ್ಟು ಆರ್ದ್ರವಾಗಿ ಚಿತ್ರಿಸಿದ ಬರವಣಿಗೆ ನಮ್ಮಲ್ಲಿ ಹೆಚ್ಚಿಲ್ಲ.

ಇಳಿವಯಸ್ಸಿನಲ್ಲಿ ಕಾರಂತರು ಪುತ್ತೂರನ್ನು ಬಿಟ್ಟು, ಹುಟ್ಟೂರಿನ ನೆರೆಯಲ್ಲಿರುವ ಸಾಲಿಗ್ರಾಮಕ್ಕೆ ಬಂದು ನೆಲಸಿದರು. ಅಲ್ಲಿಯೂ ಲೇಖನಿ ವಿಶ್ರಮಿಸಲಿಲ್ಲ. ತೊಂಬತ್ತೈದರ ವಯಸ್ಸಿನಲ್ಲಿ ಅವರು ಹಕ್ಕಿಗಳನ್ನು ಕುರಿತು ಒಂದು ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಆ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2002ರಲ್ಲಿ ಪ್ರಕಟಿಸಿತು.