ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ (29 ಮೇ 1811 – 10 ಮೇ 1881) ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕದಲ್ಲಿ ನೆಲೆಸಿ ಸೇವೆ ಸಲ್ಲಿಸಿದ ಜರ್ಮನ್ ಮಿಷನರಿ, ಶಿಕ್ಷಕ, ಪತ್ರಿಕಾ ಸಂಪಾದಕ ಮತ್ತು ಕನ್ನಡ ವಿದ್ವಾಂಸ. ಕನ್ನಡದ ಮೊದಲ ಪತ್ರಿಕೆಯೆಂದು ಮಾನ್ಯವಾಗಿರುವ ಮಂಗಳೂರು ಸಮಾಚಾರವನ್ನು 1843ರಲ್ಲಿ ಆರಂಭಿಸಿದವರು ಇವರೇ. ಓಲೆಗರಿಗಳಲ್ಲಿ ಉಳಿದಿದ್ದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದವರಲ್ಲಿಯೂ ಮೊದಲಿಗರು. ಕೊಡಗಿನಲ್ಲಿ ಜೀತಕ್ಕೊಳಗಾಗಿದ್ದ ಹೊಲೆಯ ಸಮುದಾಯದ ನಡುವೆ ಇವರು ಕೈಗೊಂಡ ಕಾರ್ಯವೂ ಗಮನಾರ್ಹವಾದುದು.

ಜನನ ಮತ್ತು ವಿದ್ಯಾಭ್ಯಾಸ

ಮೊಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮ್ ಎಂಬಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ಮಲಯಾಳಂ ನಿಘಂಟುಕಾರರಾಗಿ ಪ್ರಸಿದ್ಧರಾದ ಹರ್ಮನ್ ಗುಂಡರ್ಟ್ ಅವರ ಸ್ನೇಹ ಇದೇ ಕಾಲದ್ದು. ಬಳಿಕ ಮೊಗ್ಲಿಂಗ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿದರು.

ಆ ಕಾಲದಲ್ಲಿ ಬಾಸೆಲ್ ನಗರವು ಮಿಷನರಿಗಳನ್ನು ತರಬೇತುಗೊಳಿಸುವ ಪ್ರಮುಖ ಕೇಂದ್ರವಾಗಿತ್ತು. ವುರ್ಟೆಂಬರ್ಗಿನವರೇ ಆದ ಯೋಹಾನ್ ಲುಡ್ವಿಗ್ ಕ್ರಾಪ್ಫ್ ಮತ್ತು ಯೋಹಾನ್ನೆಸ್ ರೆಬ್‌ಮಾನ್ ಅಲ್ಲಿಯೇ ಶಿಕ್ಷಣ ಪಡೆದು, ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಮೂಲಕ ಪೂರ್ವ ಆಫ್ರಿಕಕ್ಕೆ ತೆರಳಿದರು. ಇಂದಿನ ಕೀನ್ಯಾದ ಮೊಂಬಾಸದ ಸಮೀಪ ನೆಲೆಸಿ, ಸ್ವಾಹಿಲಿ ಮೊದಲಾದ ಭಾಷೆಗಳನ್ನು ಕಲಿತು, ಬೈಬಲ್ ಭಾಷಾಂತರ ಹಾಗೂ ನಿಘಂಟು ರಚನೆಯಲ್ಲಿ ತೊಡಗಿದರು. ಜನರ ನುಡಿಯನ್ನು ಮೊದಲು ಕಲಿತು ಅನಂತರ ಬೋಧಿಸುವ ಈ ಕ್ರಮವನ್ನೇ ಮೊಗ್ಲಿಂಗ್ ಕನ್ನಡ ನಾಡಿನಲ್ಲಿ ಅನುಸರಿಸಿದರು.

ಕರ್ನಾಟಕಕ್ಕೆ ಆಗಮನ

1834ರಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದು ಕಾರ್ಯಾರಂಭ ಮಾಡಿದ್ದರು. ಮೊಗ್ಲಿಂಗ್ 1836ರಲ್ಲಿ ಅವರನ್ನು ಕೂಡಿಕೊಂಡರು. ಸ್ವಲ್ಪ ಕಾಲ ಧಾರವಾಡದಲ್ಲಿದ್ದು, ಪುನಃ ಮಂಗಳೂರಿಗೆ ಮರಳಿ ಬಾಲಕರ ವಸತಿಶಾಲೆಯ ಹೊಣೆ ಹೊತ್ತರು. ಯುರೋಪಿಯನ್ನರು ಪ್ರತ್ಯೇಕ ಬಂಗಲೆಗಳಲ್ಲಿ ವಾಸಿಸುವುದು ವಾಡಿಕೆಯಾಗಿದ್ದ ಆ ದಿನಗಳಲ್ಲಿ ಅವರು ವಿದ್ಯಾರ್ಥಿಗಳೊಂದಿಗೇ ವಾಸವಾಗಿದ್ದು, ಅವರ ಊಟವನ್ನೇ ಉಂಡು, ಕನ್ನಡದಲ್ಲಿಯೇ ಪಾಠ ಹೇಳಿದರು. ಬಲ್ಮಠದಲ್ಲಿ ಬೆಳೆದು ಇಂದು ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಎನಿಸಿರುವ ಸಂಸ್ಥೆಗೆ ಅವರ ಈ ಬೋಧನಾ ಕಾರ್ಯವೇ ತಳಹದಿ.

1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಯುವಕರಾದ ಆನಂದರಾವ್ ಕೌಂಡಿನ್ಯ ಹಾಗೂ ಇತರ ಇಬ್ಬರು ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಇದರಿಂದ ಮಂಗಳೂರಿನಲ್ಲಿ ತೀವ್ರ ಕ್ಷೋಭೆ ಉಂಟಾಯಿತು. ಮತಾಂತರವು ಆ ಕುಟುಂಬಗಳಿಗೆ ಮಕ್ಕಳ ಅಗಲಿಕೆಯಾಗಿತ್ತು, ಆ ಯುವಕರಿಗೆ ಬಂಧುಬಳಗದಿಂದ ಬಹಿಷ್ಕಾರವಾಗಿತ್ತು. ಮೊಗ್ಲಿಂಗರು ಕೌಂಡಿನ್ಯರನ್ನು ಯುರೋಪಿಗೆ ಕರೆದೊಯ್ದರು. ಬಾಸೆಲ್‌ನಲ್ಲಿ ಶಿಕ್ಷಣ ಪಡೆದು 1851ರಲ್ಲಿ ದೀಕ್ಷೆ ಹೊಂದಿದ ಕೌಂಡಿನ್ಯರು ಸ್ವದೇಶಕ್ಕೆ ಮರಳಿ ಬೋಧಕರಾಗಿ ಸೇವೆ ಸಲ್ಲಿಸಿದರು.

ಮಂಗಳೂರು ಸಮಾಚಾರ

1841ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿತು. 1843ರ ಜುಲೈ 1ರಂದು ಮಂಗಳೂರು ಸಮಾಚಾರದ ಮೊದಲ ಸಂಚಿಕೆ ಹೊರಬಂದಿತು. ಈ ಪಾಕ್ಷಿಕವು ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಪರದೇಶಗಳ ಸುದ್ದಿ ಮತ್ತು ನೀತಿಕಥೆಗಳನ್ನು ಒಳಗೊಂಡಿತ್ತು. ಸುದ್ದಿಯೆಂದರೆ ಬಾಯಿಂದ ಬಾಯಿಗೆ ಹರಡುವ ಮಾತು ಎಂದಷ್ಟೇ ಅರಿತಿದ್ದ ಜನರಿಗೆ ಅಚ್ಚಾದ ಸಮಾಚಾರ ಹೊಸ ಅನುಭವವಾಗಿತ್ತು. 1844ರಲ್ಲಿ ಮುದ್ರಣವು ಬಳ್ಳಾರಿಗೆ ವರ್ಗಾವಣೆಯಾಗಿ, ಕನ್ನಡ ಸಮಾಚಾರ ಎಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಪ್ರಕಟವಾಗತೊಡಗಿತು. ಪತ್ರಿಕೆ ದೀರ್ಘಕಾಲ ನಡೆಯಲಿಲ್ಲ.

ಕನ್ನಡ ಸಾಹಿತ್ಯ ಸೇವೆ

ಮೊಗ್ಲಿಂಗರು ಸಾವಿರಾರು ಕನ್ನಡ ಗಾದೆಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅವರ ಅತಿ ಮಹತ್ವದ ಕಾರ್ಯ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ 1848ರಲ್ಲಿ ಆರಂಭವಾದ ಈ ಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ಕುಮಾರವಾಲ್ಮೀಕಿಯ ತೊರವೆ ರಾಮಾಯಣ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಹಾಗೂ ದಾಸರ ಪದಗಳು ಕಲ್ಲಚ್ಚಿನಲ್ಲಿ ಪ್ರಕಟವಾದವು. ಹಸ್ತಪ್ರತಿಗಳನ್ನು ದೊರಕಿಸಿ, ಪಾಠವನ್ನು ನಿರ್ಣಯಿಸಿ, ಲಿಪಿಕಾರರಿಂದ ಬರೆಯಿಸಿ ಅಚ್ಚು ಮಾಡುವುದು ಶ್ರಮದ ಕೆಲಸವಾಗಿತ್ತು. ತಾವು ಬದಲಿಸಬೇಕೆಂದು ಬಂದ ಧರ್ಮಗಳ ಗ್ರಂಥಗಳನ್ನೇ, ವೀರಶೈವ ವೈಷ್ಣವ ಭೇದವಿಲ್ಲದೆ, ಮಿಷನರಿಯೊಬ್ಬರು ಪ್ರಕಟಿಸಿದುದು ಇಲ್ಲಿನ ವಿಶೇಷ. ಜನರ ನುಡಿಯನ್ನೂ ನಂಬಿಕೆಯನ್ನೂ ಅರಿಯುವುದು ಬೋಧಕನಿಗೆ ಅವಶ್ಯವೆಂಬುದು ಇದರ ಮೂಲ ಉದ್ದೇಶವಾಗಿತ್ತು. ಫಲವಾದರೋ ಆ ಉದ್ದೇಶವನ್ನು ಮೀರಿ ಕನ್ನಡಿಗರೆಲ್ಲರಿಗೂ ದೊರೆಯಿತು.

ಕೊಡಗಿನಲ್ಲಿ

1852ರ ಕೊನೆಯ ವೇಳೆಗೆ ಮೊಗ್ಲಿಂಗರು ಅನಾರೋಗ್ಯದ ನಿಮಿತ್ತ ಯುರೋಪಿಗೆ ಮರಳಲು ಸಿದ್ಧರಾಗಿದ್ದರು. ಆಗ ಅಳಮಂಡ ಸೋಮಯ್ಯ ಎಂಬ ಕೊಡವರೊಬ್ಬರು ಬಂದು ಅವರನ್ನು ಕೊಡಗಿಗೆ ಆಹ್ವಾನಿಸಿದರು. ಮೊಗ್ಲಿಂಗರು ಪ್ರಯಾಣವನ್ನು ಕೈಬಿಟ್ಟು 1853ರಲ್ಲಿ ಕೊಡಗಿಗೆ ತೆರಳಿದರು. ದೀಕ್ಷೆ ಹೊಂದಿ ಸ್ತೇಫನಸ್ ಎನಿಸಿಕೊಂಡ ಸೋಮಯ್ಯನವರು ಸ್ವಜನರ ವಿರೋಧವನ್ನು ಎದುರಿಸಬೇಕಾಯಿತು.

ಕೊಡಗಿನ ಹೊಲೆಯರು ತಲೆತಲಾಂತರದಿಂದ ಜಮ್ಮಾ ಭೂಮಿಗಳ ಒಡೆಯರಿಗೆ ಜೀತದಾಳುಗಳಾಗಿದ್ದರು. ಗುಲಾಮಗಿರಿಗೆ ಕಂಪನಿ ಸರಕಾರದ 1843ರ ಕಾಯಿದೆಯು ಮಾನ್ಯತೆಯನ್ನು ತೆಗೆದುಹಾಕಿದ್ದರೂ, ಭೂಮಿಯಿಲ್ಲದವರಿಗೆ ಬೇರೆ ಆಸರೆ ಇರಲಿಲ್ಲ. ಮೊಗ್ಲಿಂಗ್ ಮತ್ತು ಕೌಂಡಿನ್ಯರು ಆನಂದಪುರ ಎಂಬ ಹೊಸ ಗ್ರಾಮವನ್ನು ನಿರ್ಮಿಸಿ, ಅವರಿಗೆ ಮನೆ, ಕೃಷಿ ಮತ್ತು ಅಕ್ಷರವಿದ್ಯೆಯನ್ನು ಒದಗಿಸಲು ಯತ್ನಿಸಿದರು. ಕಾಫಿ ಬೆಳೆಯನ್ನೂ ಆರಂಭಿಸಿದರು. ಒಡೆಯರ ಅಸಮಾಧಾನ ಮತ್ತು ಹಣದ ಮುಗ್ಗಟ್ಟು ಈ ಪ್ರಯತ್ನವನ್ನು ಬಾಧಿಸಿದವು. ಕೊಡಗಿನ ಇತಿಹಾಸ ಹಾಗೂ ಜನಜೀವನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1855ರಲ್ಲಿ ಪ್ರಕಟವಾಯಿತು.

ಈ ಅವಧಿಯಲ್ಲಿ ಅವರು, ಕನ್ನಡ ಬೈಬಲ್ ಪರಿಷ್ಕರಣದಲ್ಲಿ ದುಡಿದು ತೀರಿಕೊಂಡ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆಯವರ ಪತ್ನಿ ಪೌಲಿನಾರನ್ನು ವಿವಾಹವಾದರು.

ಕೊನೆಯ ದಿನಗಳು

ಕನ್ನಡಕ್ಕೆ ಸಲ್ಲಿಸಿದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಅವರು ಜರ್ಮನಿಗೆ ಮರಳಿದರು. ಆನಂದಪುರದ ಭಾರ ಕೌಂಡಿನ್ಯರ ಪಾಲಿಗೆ ಬಂತು. ಸ್ವದೇಶದಲ್ಲಿ ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ನಿಧನರಾದರು.

ಸ್ಮರಣೆ

ಮಂಗಳೂರು ಸಮಾಚಾರ ಪ್ರಕಟವಾದ ಜುಲೈ 1ನ್ನು ಕರ್ನಾಟಕದಲ್ಲಿ ಪ್ರತಿವರ್ಷ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಅದೇ ಸಂಸ್ಥೆಯ ಫರ್ಡಿನಾಂಡ್ ಕಿಟೆಲ್ ಅವರು 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟಿನ ಖ್ಯಾತಿಯ ಎದುರು ಮೊಗ್ಲಿಂಗರ ಹೆಸರು ಬಹುಕಾಲ ಹಿಂದೆ ಸರಿದಿತ್ತು. ಶ್ರೀನಿವಾಸ ಹಾವನೂರ ಮೊದಲಾದ ಸಂಶೋಧಕರ ಅಧ್ಯಯನಗಳಿಂದ ಅವರ ಕಾರ್ಯವು ಮತ್ತೆ ಬೆಳಕಿಗೆ ಬಂದಿತು.